ಹದಿನೇಳನೇ ಗೂಡು

ಕಾಲೇಜಿನ ಕಂಪ್ಯೂಟರೊಂದರಲ್ಲಿ ಎರಡು ಪ್ರೋಗ್ರಾಮುಗಳು ಅಕ್ಕಪಕ್ಕದ ಕೋಣೆಗಳಲ್ಲಿದ್ದವು. ಲೆಕ್ಕದವನು ಉತ್ತರ ಹುಡುಕುವನು, ಬರೆಯುವವನು ಅದನ್ನು ಪರದೆಗೆ ಏರಿಸುವನು. ಮಾತುಗಳನ್ನಿಡಲು ಪ್ರತಿ ಕೋಣೆಗೂ ಅದರದೇ ಆದ, ಒಂದರಿಂದ ಸಂಖ್ಯೆ ಹಾಕಿದ ಗೂಡುಗಳಿದ್ದವು; ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ನಡುವೆ ಚೀಟಿ ಒಯ್ಯುವುದು ಕರ್ನೆಲ್ ಎಂಬ ಅಂಚೆಯವನ ಕೆಲಸ.

ಪರೀಕ್ಷೆಯ ದಿನ ಲೆಕ್ಕದವನಿಗೆ ಉದ್ದದ ಉತ್ತರ ಬರೆಯಲು ಬೇಸರವಾಯಿತು. 'ಉತ್ತರ ಹದಿನೇಳನೇ ಗೂಡಿನಲ್ಲಿದೆ' ಎಂದಷ್ಟೇ ಚೀಟಿ ಕಳಿಸಿದನು. ಬರೆಯುವವನು ತನ್ನ ಹದಿನೇಳನೇ ಗೂಡಿಗೆ ಕೈಹಾಕಿ, ಸಿಕ್ಕಿದ್ದನ್ನು ಪರದೆಗೆ ಏರಿಸಿದನು: 'ಮಿಡಿ ಉಪ್ಪಿನಕಾಯಿ.' ಅದು ಈ ಪ್ರೋಗ್ರಾಮುಗಳನ್ನು ಬರೆದು ಪರೀಕ್ಷೆಗೆ ತಂದಿದ್ದ ವಿದ್ಯಾರ್ಥಿನಿ ಸುಶ್ರಾವ್ಯಾ ಹಿಂದಿನ ದಿನ ಸುಮ್ಮನೆ ಪ್ರಯೋಗಕ್ಕೆಂದು ಹಾಕಿದ್ದ ಮಾತು. ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡರು.

"ದಾರಿಯಲ್ಲಿ ಚೀಟಿ ಕೆಡಿಸಿದೆಯಾ?" ಎಂದು ಲೆಕ್ಕದವನು ಅಂಚೆಯವನನ್ನು ಗದರಿದನು.

"ಕೊಟ್ಟದ್ದನ್ನೇ ತಲುಪಿಸಿದೆ. ಹದಿನೇಳನೇ ಗೂಡು ಅವನ ಕೋಣೆಯಲ್ಲೂ ಇದೆ" ಎಂದನು ಕರ್ನೆಲ್.

ಎರಡನೇ ಸಲ ಲೆಕ್ಕದವನು ಗೊಣಗುತ್ತಲೇ ಇಡೀ ಉತ್ತರವನ್ನು ಚೀಟಿಯಲ್ಲಿ ಬರೆದನು. ಪರದೆ ಸರಿಹೋಯಿತು, ಸುಶ್ರಾವ್ಯಾ ಪಾಸಾದಳು.

"ಇಷ್ಟು ಬರೆದದ್ದಕ್ಕೆ ನನಗೇನು ಬಹುಮಾನ?" ಎಂದು ಲೆಕ್ಕದವನು ಕೇಳಿ ಕಳಿಸಿದನು.

ಬರೆಯುವವನ ಉತ್ತರ ಕೂಡಲೇ ಬಂತು: 'ಒಂಬತ್ತನೇ ಗೂಡಿನಲ್ಲಿ ಇಟ್ಟಿದ್ದೇನೆ, ತೆಗೆದುಕೋ.'

ಲೆಕ್ಕದವನು ಆತುರದಿಂದ ತನ್ನ ಒಂಬತ್ತನೇ ಗೂಡಿಗೆ ಕೈಹಾಕಿದನು. ಸಿಕ್ಕಿದ್ದು ಒಂದು ಸೊನ್ನೆ.