ಮರದ ಕಾಲಿನ ಸುಂಕ

ಎಂದಿನಂಥದೇ ಒಂದು ಸೋಮವಾರ. ಕಾಡಿನ ಸುಂಕದಕಟ್ಟೆಯಲ್ಲಿ ಮುದಿ ಆಮೆ ಕುಳಿತಿತ್ತು. ಮರಕುಟಿಗ ಕೆತ್ತಿಕೊಟ್ಟ ಮರದ ಕಾಲೊಂದನ್ನು ಬೆನ್ನಿಗೆ ಕಟ್ಟಿಕೊಂಡು ಮೇಕೆ ಬಂತು.

“ಮರಕ್ಕೆ ಸುಂಕ ಒಂದು ಹೊರೆ ಹುಲ್ಲು,” ಎಂದಿತು ಆಮೆ.

“ಇದು ಕಾಲು, ಆಮೆಯಜ್ಜ. ಹಳ್ಳದಾಚೆ ನನ್ನ ಅಣ್ಣ ಒಂದು ಕಾಲು ಕಳೆದುಕೊಂಡು, ಮೇಯಲೂ ಹೋಗಲಾರದೆ ಮಲಗಿದ್ದಾನೆ. ಕುಂಟರ ಕಾಲಿಗೆ ಸುಂಕ ಮಾಫಿಯಂತಲ್ಲ?”

“ಮಾಫಿ ನಿಜ. ಆದರೆ ತೊಟ್ಟು ನಡೆದರೆ ಅದು ಕಾಲು, ಹೊತ್ತು ತಂದರೆ ಮರ. ನಿಯಮ ಹಾಗಿದೆ ಮಗಳೇ. ನಿನ್ನ ಅಣ್ಣನೇ ಬಂದು ತೊಟ್ಟುಕೊಂಡು ಹೋಗಲಿ.”

“ನಡೆದು ಬರುವಂತಿದ್ದರೆ ಅವನಿಗೆ ಈ ಕಾಲು ಯಾಕೆ ಬೇಕಿತ್ತು? ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎಂದು ಅಮ್ಮ ಸುಮ್ಮನೆ ಹೇಳಿರಲಿಲ್ಲ!”

ಮೇಕೆಯ ಬಳಿ ಹುಲ್ಲಿರಲಿಲ್ಲ. ಇದ್ದುದನ್ನೆಲ್ಲ ಮರಕುಟಿಗನ ಗೂಡಿಗೆ ಹಾಸಲು ಕೊಟ್ಟು ಬಂದಿತ್ತು. ಕಾಲನ್ನು ಕಟ್ಟೆಯಲ್ಲೇ ಬಿಟ್ಟು, ತುಂಬಿ ಹರಿಯುತ್ತಿದ್ದ ಹಳ್ಳವನ್ನು ಈಜಿ, ಅಣ್ಣನಿಗೆ ಸುದ್ದಿ ಹೇಳಲು ಹೋಯಿತು.

ಅಂದು ಆಮೆಗೆ ಊಟ ಸೇರಲಿಲ್ಲ. ನಿಯಮವನ್ನು ಮತ್ತೆ ಮತ್ತೆ ಓದಿತು. ಅದನ್ನು ಬರೆದವರಿಗೆ ನಡೆಯಲಾರದವರ ನೆನಪೇ ಬಂದಿರಲಿಲ್ಲ. ತಾನಾದರೂ ನೆನೆಯಬಹುದಿತ್ತು.

ಮರುದಿನ ಬೆಳಿಗ್ಗೆ ಆಮೆ ಮರದ ಕಾಲನ್ನು ಚಿಪ್ಪಿನ ಮೇಲೆ ಹೇರಿಕೊಂಡು ತಾನೇ ಹೊರಟಿತು. ಹಳ್ಳ ಮುಟ್ಟುವಾಗ ನಡುಹಗಲಾಗಿತ್ತು. ಮೆಲ್ಲಗೆ ಈಜಿ ಆಚೆ ದಡ ಹತ್ತಿತು.

ಅಲ್ಲಿನ ಕೆಸರಿನಲ್ಲಿ ಮೂರೇ ಗೊರಸುಗಳ ಹೆಜ್ಜೆಗುರುತು ಗುಡ್ಡದಿಂದ ಇಳಿದು ಬಂದು, ನೀರಿನ ಅಂಚಿನಲ್ಲಿ ಮುಗಿದಿತ್ತು.