ಅಧ್ಯಕ್ಷರ ತೋಟದ ಕಲ್ಲು

ನಮ್ಮ ಖನಿಜ ಸರ್ವೆ ಕ್ಯಾಂಪಿನ ಹೆಲ್ಪರಣ್ಣನಿಗೆ ಒಂದು ಅಭ್ಯಾಸ. ಭೂಮಿಯಿಂದ ಕೊರೆದು ತೆಗೆದ ಕಲ್ಲನ್ನು ಪೆಟ್ಟಿಗೆಯಲ್ಲಿ ಇಡುವ ಮುನ್ನ ಒಮ್ಮೆ ನೆಕ್ಕುತ್ತಿದ್ದ. ಒದ್ದೆಯಾದರೆ ಬಣ್ಣ ಚೆನ್ನಾಗಿ ಕಾಣುತ್ತದಂತೆ.

ಒಂದು ಬೆಳಿಗ್ಗೆ ಪಂಚಾಯ್ತಿ ಅಧ್ಯಕ್ಷ ರುದ್ರಮುನಿಯಪ್ಪನವರು ನಮ್ಮ ನೀರಿನ ಟ್ಯಾಂಕರಿಗೆ ಅಡ್ಡ ನಿಂತರು.

"ಮೊದಲು ನನ್ನ ತೆಂಗಿನ ತೋಟದಲ್ಲಿ ಬೋರ್ ಕೊರೀರಿ. ಇಲ್ಲಾಂದ್ರೆ ಒಂದು ಹನಿ ನೀರೂ ಒಳಗೆ ಹೋಗಲ್ಲ!"

ನೀರಿಲ್ಲದೆ ನಮ್ಮ ಕೊರೆಯುವ ಯಂತ್ರ ತಿರುಗದು. ಕ್ಯಾಂಪಿನ ಸಾಹೇಬರು ಬೆವರಿದರು. ಹೆಲ್ಪರಣ್ಣ ಮಾತ್ರ ಕೈಮುಗಿದ.

"ಆಗ್ಲಿ ಯಜಮಾನ್ರೆ. ಮೊದಲು ತೋಟದ ಕಲ್ಲು ನೋಡ್ತೀನಿ."

ತೋಟದಲ್ಲಿ ಒಂದು ಕಲ್ಲು ಹೆಕ್ಕಿ ನೆಕ್ಕಿದ. ಕಣ್ಣರಳಿಸಿ ಇನ್ನೊಮ್ಮೆ ನೆಕ್ಕಿದ.

"ಏನಯ್ಯಾ, ನೀರಾ?"

"ನೀರು ಯಾರಿಗೆ ಬೇಕು! ಚಿನ್ನ ಇದ್ದಂಗಿದೆ. ಯಂತ್ರ ಇಳಿಸೇಬಿಡೋಣ. ಆಮೇಲೆ ತೋಟ ಸರ್ಕಾರದ ವಶ, ಸುತ್ತ ಸರ್ಕಾರದ ಬೇಲಿ. ಊರಿಗೇ ಹೆಸರು ನಿಮ್ಮಿಂದ!"

ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ರಸ್ತೆಗೆ ಓಡಿ, ತಾವೇ ಕೈಬೀಸಿ ಟ್ಯಾಂಕರಿಗೆ ದಾರಿ ಬಿಟ್ಟರು. ಕ್ಯಾಂಪಿನಲ್ಲಿ ಯಂತ್ರ ಗುಡುಗಿತು, ನಾವೆಲ್ಲ ಹಾಯಾಗಿ ಉಸಿರು ಬಿಟ್ಟೆವು.

ಅಧ್ಯಕ್ಷರು ಮಾತ್ರ ಸಂಜೆಯಾದರೂ ಕ್ಯಾಂಪು ಬಿಟ್ಟು ಮನೆಗೆ ಹೋಗಲಿಲ್ಲ. ಹೆಲ್ಪರಣ್ಣ ಬಾಯ್ತುಂಬ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ಅವರು ಅದೇ ಕಲ್ಲನ್ನು ಪಂಚೆಯಲ್ಲಿ ಒರೆಸಿ ಒರೆಸಿ ಅವನ ಮುಂದೆ ಹಿಡಿದರು.

"ಚೆನ್ನಾಗಿ ಒರೆಸಿದ್ದೀನಪ್ಪಾ. ಇನ್ನೊಂದ್ಸಲ ನೆಕ್ಕಿ, ಬರೀ ಕಲ್ಲು ಅಂದುಬಿಡು."