ಇಬ್ಬನಿ ಹೇಳಿದ ಸಾಕ್ಷಿ

ಲೋಕಕ್ಕೆ ಹಚ್ಚಿದ ಬಣ್ಣ ಇನ್ನೂ ಹಸಿಯಾಗಿದ್ದ ಕಾಲ ಅದು, ಮೇದಿನಿ. ಬೆಟ್ಟವನ್ನು ಮುಟ್ಟಿದರೆ ಕೈಗೆ ನೀಲಿ ಅಂಟುತ್ತಿತ್ತು. ನದಿಗಳಿಗೆ ದಾರಿ ಬಾಯಿಪಾಠವಾಗಿರಲಿಲ್ಲ, ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿದ್ದವು. ಆದರೆ ಇಬ್ಬನಿ ಮಾತ್ರ ಆಗಲೇ ಇತ್ತು. ಆಗಲೇ ಜನರ ತಲೆ ತಿನ್ನುತ್ತಿತ್ತು.

ನೀನು ಎದ್ದವಳೇ ಕೇಳಿದೆಯಲ್ಲ, ಟೆಲಿಸ್ಕೋಪಿನ ಕನ್ನಡಿ ಇವತ್ತೂ ಯಾಕೆ ಒದ್ದೆ ಅಂತ. ನಿನ್ನೆ ಮೋಡ ಇರಲಿಲ್ಲ, ಚಂದ್ರ ಇರಲಿಲ್ಲ, ನಮ್ಮ ಬೀದಿಯ ದೀಪವೂ ಕೆಟ್ಟಿತ್ತು. ಇಂಥ ರಾತ್ರಿ ವರ್ಷಕ್ಕೆ ನಾಲ್ಕು ಸಿಕ್ಕರೆ ಪುಣ್ಯ. ತಾರಸಿಯ ಮೇಲೆ ಎಲ್ಲ ಹೂಡಿ, ಕ್ಯಾಮೆರಾ ಕಟ್ಟಿ, ಹತ್ತು ಫೋಟೊ ತೆಗೆಯುವಷ್ಟರಲ್ಲಿ ಕನ್ನಡಿ ಮಂಜಾಯಿತು. ನಿನ್ನ ಅಮ್ಮನ ಹೇರ್ ಡ್ರೈಯರ್ ತಂದು ಊದಿದೆ. ಊದಿದಷ್ಟು ಹೊತ್ತು ಹೋಯಿತು, ನಿಲ್ಲಿಸಿದೆ, ಮತ್ತೆ ಬಂತು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದವಳು ನಾನು. ಜನರ ಮೂಳೆ ಕೂಡ ನನ್ನ ಮುಂದೆ ಬಚ್ಚಿಟ್ಟುಕೊಳ್ಳಲಿಲ್ಲ. ಒಂದು ಹನಿ ನೀರಿಗೆ ಸೋತೆ.

ಇರಲಿ, ಕಥೆ ಕೇಳು. ನನ್ನ ಸಿಟ್ಟಾದರೂ ಇಳಿಯಲಿ.

ಆ ಹೊಸ ಕಾಲದಲ್ಲಿ ಆಕಾಶವನ್ನು ನೋಡಿಕೊಳ್ಳುತ್ತಿದ್ದವಳು ಇರುಳಜ್ಜಿ. ರಾತ್ರಿ ಅಂದರೆ ಅವಳೇ. ಅವಳಿಗೆ ಚೊಕ್ಕಟದ ಹುಚ್ಚು. ಆಕಾಶದ ತುಂಬ ಚುಕ್ಕಿಗಳು ಚೆಲ್ಲಾಡಿಕೊಂಡು ಬಿದ್ದಿವೆ, ಕಾಲಿಡಲು ಜಾಗವಿಲ್ಲ ಅಂತ ಅವಳ ಗೊಣಗಾಟ. ಕೊನೆಗೆ ಒಂದು ದಿನ ಡಂಗುರ ಹೊಡೆಸಿದಳು. ನೆಲದ ಮೇಲಿನ ಒಂದು ಕಣ್ಣಿಗಾದರೂ ಬಿದ್ದ ಬೆಳಕು ಇರಲಿ. ಯಾರ ಕಣ್ಣಿಗೂ ಬೀಳದ ಬೆಳಕು ಕಸ. ಬರುವ ಅಮಾವಾಸ್ಯೆ ಕಳೆದು ಬೆಳಗಾಗುವ ಹೊತ್ತಿಗೆ ಕಸವನ್ನೆಲ್ಲ ಗುಡಿಸಿ ಎಸೆಯುತ್ತೇನೆ ಅಂದಳು.

ಫಳಫಳ ಹೊಳೆಯುವ ಚುಕ್ಕಿಗಳಿಗೇನು ಭಯ? ಅವನ್ನು ಕುರಿ ಕೂಡ ನೋಡಿತ್ತು. ಭಯವಾದದ್ದು ಮೂಲೆಯಲ್ಲಿದ್ದ ಒಂದು ಮಬ್ಬಿಗೆ. ಹತ್ತಿಯ ಎಳೆಯಷ್ಟು ಬೆಳಕು ಅದು. ಎಷ್ಟು ದೂರ ಇತ್ತೆಂದರೆ ಯಾರೂ ಅದನ್ನು ಕಂಡವರಿರಲಿಲ್ಲ.

ಕೆಳಗೆ ಒಂದು ಬೋಳು ಬಂಡೆಯ ಮೇಲೆ ಮುದ್ದೀರಮ್ಮ ಅನ್ನುವವಳು ಗುಡಿಸಲು ಹಾಕಿಕೊಂಡಿದ್ದಳು. ಹೆಸರಲ್ಲಿ ಮುದ್ದು, ಬಾಯಿ ಮೆಣಸಿನಕಾಯಿ. ಕಂಚನ್ನು ಉಜ್ಜಿ ಕನ್ನಡಿ ಮಾಡುವುದು ಅವಳ ಕಸುಬು. ಊಟದ ತಟ್ಟೆಯಷ್ಟು ಅಗಲದ, ನಡುವೆ ಸ್ವಲ್ಪ ತಗ್ಗಾದ ಒಂದು ಕನ್ನಡಿಯನ್ನು ಅವಳು ವರ್ಷವಿಡೀ ಉಜ್ಜಿದ್ದಳು. ಅದನ್ನು ಮೇಲ್ಮುಖವಾಗಿಟ್ಟರೆ ಆಕಾಶದ ಬೆಳಕೆಲ್ಲ ಒಂದೇ ಕಡೆ ಕೂಡುತ್ತಿತ್ತು.

ಆ ಹೊಳಪು ಕಂಡು ಮಬ್ಬು ಅವಳನ್ನು ಕೂಗಿತು. ದೂರದ್ದಲ್ಲವೇ, ಅದರ ಮಾತು ಬಂದು ಮುಟ್ಟಲು ಹೊತ್ತು ಹಿಡಿಯುತ್ತಿತ್ತು. ಸಂಜೆ 'ನನ್ನನ್ನು' ಅಂತ ಕೇಳಿಸಿದರೆ, 'ಒಬ್ಬರಾದರೂ' ಅನ್ನುವಾಗ ನಡುರಾತ್ರಿ. 'ನೋಡಿ' ಅನ್ನುವಷ್ಟರಲ್ಲಿ ಕೋಳಿ ಕೂಗಿತು. ಮೂರು ರಾತ್ರಿ ಹೀಗೇ ಆಯಿತು. ನಿದ್ದೆಗೆಟ್ಟು ತಲೆ ಚಿಟ್ಟು ಹಿಡಿದ ಮುದ್ದೀರಮ್ಮ, ಆಯಿತು ಮಾರಾಯ್ತಿ, ನೋಡುತ್ತೇನೆ, ಸುಮ್ಮನಿರು ಅಂದುಬಿಟ್ಟಳು.

ಬೇಲಿಯಲ್ಲಿ ಹೋಗುತ್ತಿದ್ದ ಓತಿಕ್ಯಾತನನ್ನು ಕರೆದು ಮಡಿಲಿಗೆ ಬಿಟ್ಟುಕೊಂಡ ಹಾಗಾಯಿತು. ಆ ಕಾಲದಲ್ಲಿ ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ. ಅವಳು ಇರುಳಜ್ಜಿಯ ಹತ್ತಿರ ಹೋಗಿ, ಆ ಮೂಲೆಯಲ್ಲಿ ಒಂದು ಬೆಳಕಿದೆ, ಗುಡಿಸಬೇಡ ಅಂದಳು. ನೀನು ನೋಡಿದೆಯಾ ಅಂತ ಅಜ್ಜಿ ಕೇಳಿದಳು. ಇಲ್ಲ, ಕೇಳಿದೆ ಅಂದಳು ಮುದ್ದೀರಮ್ಮ. ಕೇಳಿದ್ದೆಲ್ಲ ನಡೆಯುವುದಿಲ್ಲ, ಅದರ ಚಿತ್ರ ಹಿಡಿದು ತಂದು ತೋರಿಸು ಅಂದಳು ಇರುಳಜ್ಜಿ. ಅಮಾವಾಸ್ಯೆಗೆ ಐದೇ ರಾತ್ರಿ ಉಳಿದಿತ್ತು.

ಆಗ ಬೆಳಕು ಕೂಡ ಹೊಸದು, ಬಿದ್ದಲ್ಲಿ ಹಿಟ್ಟಿನ ಹಾಗೆ ಅಂಟಿಕೊಳ್ಳುತ್ತಿತ್ತು. ಮುದ್ದೀರಮ್ಮ ಕನ್ನಡಿಯನ್ನು ಮೂರು ಕಾಲಿನ ಮಣೆಯ ಮೇಲಿಟ್ಟಳು. ಅದರ ಮೇಲುಗಡೆ, ಬೆಳಕು ಬಂದು ಕೂಡುವ ಜಾಗದಲ್ಲಿ, ಮಸಿ ಬಳಿದ ಒಂದು ಸಣ್ಣ ಹಲಗೆಯನ್ನು ಕೈಯಲ್ಲಿ ಹಿಡಿದು ಕೂತಳು. ಮಬ್ಬಿನ ಬೆಳಕು ಕಣ ಕಣವಾಗಿ ಉದುರಿ, ನುಣುಪಾದ ಕನ್ನಡಿಯಿಂದ ಪುಟಿದು ಹಲಗೆಗೆ ಅಂಟತೊಡಗಿತು. ಸಂಜೆಯಿಂದ ಬೆಳಗಿನ ತನಕ ಉದುರಿದರೆ ಒಂದು ಚಿತ್ರ. ನಡುವೆ ನಿಂತರೆ ಏನೂ ಇಲ್ಲ.

ನಡುವೆ ನಿಂತಿತು. ನೋಡಿದರೆ ಕನ್ನಡಿಯ ತುಂಬ ಇಬ್ಬನಿ.

ಮುದ್ದೀರಮ್ಮ ಸೆರಗಿನಿಂದ ಒರೆಸಿದಳು. ಕನ್ನಡಿಯನ್ನು ಒರೆಸಬಾರದು, ಮೇದಿನಿ. ಎಷ್ಟೇ ರೇಗಲಿ, ಒರೆಸಬಾರದು. ಸೆರಗಿನಲ್ಲಿದ್ದ ಧೂಳು ಕನ್ನಡಿಯ ಮೇಲೆ ಗೀರು ಎಳೆಯಿತು. ಮಾರನೆಯ ಹಗಲೆಲ್ಲ ಅವಳು ಬೂದಿ ಹಾಕಿ ಉಜ್ಜುತ್ತಾ ಕೂತಳು.

ಎರಡನೆಯ ರಾತ್ರಿ ಗಾಳಿಯನ್ನು ಕರೆದಳು. ಇಬ್ಬನಿ ಬಂದರೆ ಓಡಿಸು ಅಂದಳು. ಗಾಳಿ ಓಡಿಸಿತು, ನಿಜ. ಜೊತೆಗೆ ಮಣೆಯನ್ನು ಅಲ್ಲಾಡಿಸಿತು, ಹಲಗೆಯನ್ನು ಅಲ್ಲಾಡಿಸಿತು, ಅವಳನ್ನೂ ಅಲ್ಲಾಡಿಸಿತು. ಬೆಳಗ್ಗೆ ಹಲಗೆಯ ಮೇಲೆ ಮಬ್ಬಿನ ಬದಲು ರಂಗೋಲಿ ಚೆಲ್ಲಿದ ಹಾಗಿತ್ತು.

ಮೂರನೆಯ ರಾತ್ರಿ ಮೋಡವನ್ನು ಕರೆದಳು. ನಾನು ಹೊದಿಕೆ ಹಾಕಿದರೆ ಇಬ್ಬನಿ ಹತ್ತಿರ ಸುಳಿಯುವುದಿಲ್ಲ ಅಂತ ಮೋಡ ಜಂಬ ಕೊಚ್ಚಿತು, ಬಂದು ಆಕಾಶದ ಈ ತುದಿಯಿಂದ ಆ ತುದಿಗೆ ಹೊದಿಸಿತು. ಇಬ್ಬನಿ ಬರಲಿಲ್ಲ. ಆಕಾಶವೂ ಇರಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು. ಹೋಗು ಅಂದರೆ ಮೋಡ ಬೆಳಗಿನ ತನಕ ಹೋಗಲೂ ಇಲ್ಲ.

ನಾಲ್ಕನೆಯ ರಾತ್ರಿ ಮಣೆಯ ಕೆಳಗೆ ಬೆಂಕಿ ಹಾಕಿದಳು. ಇಬ್ಬನಿ ದೂರವೇನೋ ನಿಂತಿತು. ಆದರೆ ಬಿಸಿಗಾಳಿ ಎದ್ದು, ಮಬ್ಬಿನ ಬೆಳಕು ಕುದಿಯುವ ಎಸರಿನಲ್ಲಿ ಅಕ್ಕಿ ಕುಣಿದ ಹಾಗೆ ಕುಣಿಯಿತು. ಸಾಲದ್ದಕ್ಕೆ ಮಣೆಯ ಕಾಲುಗಳಿಗೆ ಬೆಂಕಿ ಹತ್ತಿತು. ಅವಳು ಕನ್ನಡಿಯನ್ನು ಎತ್ತಿಕೊಂಡು ಹಿಂದೆ ಹಾರಿದಳು. ಮಣೆ ಬೂದಿಯಾಯಿತು. ಬೆಂಕಿ ಆರಿತೋ ಇಲ್ಲವೋ, ಇಬ್ಬನಿ ಮೆಲ್ಲಗೆ ಬಂದು ಕನ್ನಡಿಯ ಮೇಲೆ ಕೂತಿತು.

ಮುದ್ದೀರಮ್ಮ ಅವತ್ತು ಬಂಡೆಯ ಮೇಲೆ ಕುಸಿದು ಅತ್ತಳು. ಇನ್ನೊಂದೇ ರಾತ್ರಿ ಇತ್ತು, ಮಬ್ಬು ಮೇಲಿನಿಂದ ಅವಳನ್ನೇ ನಂಬಿಕೊಂಡಿತ್ತು.

"ನಾನ್ ನಿಂಗೆ ಏನ್ ಮಾಡಿದ್ದೆ?" ಅಂತ ಅವಳು ಇಬ್ಬನಿಯನ್ನು ಕೇಳಿದಳು. "ಇಷ್ಟ್ ದೊಡ್ಡ ಭೂಮಿ ಬಿದ್ದೈತೆ. ನನ್ ಕನ್ನಡೀನೇ ಬೇಕಿತ್ತಾ?"

ಇಬ್ಬನಿ ಅಷ್ಟು ದಿನ ತುಟಿ ಬಿಚ್ಚಿರಲಿಲ್ಲ. ಯಾರೂ ಅದನ್ನು ಏನೂ ಕೇಳಿರಲಿಲ್ಲ, ಬರೀ ಬೈದಿದ್ದರು. "ಅಕ್ಕಾ, ನೀರಿಗೆಲ್ಲ ಜಾಗ ಹಂಚಿದಾಗ ನಾನ್ ಹಿಂದುಳಿದ್‌ಬಿಟ್ಟೆ" ಅಂದಿತು. "ನದಿಗೆ ದಡ ಸಿಕ್ತು, ಮಳೆಗೆ ಮೋಡ ಸಿಕ್ತು, ಬಾವಿಗೆ ಗುಂಡಿ ಸಿಕ್ತು. ನಂಗೆ ಹೇಳಿದ್ದು ಇಷ್ಟೇ, ಎಲ್ಲಿ ತಣ್ಣಗಿದ್ಯೋ ಅಲ್ಲಿ ಕೂತ್ಕೋ, ಬೆಚ್ಚಗಿದ್ದೋರನ್ನ ಮುಟ್ಬೇಡ ಅಂತ. ಆಕಾಶಕ್ಕೆ ಮುಖ ಕೊಟ್ಟು ಕೂತೋರು ತಮ್ ಬಿಸೀನೆಲ್ಲ ಮೇಲಕ್ಕೇ ಕೊಟ್‌ಬಿಡ್ತಾರೆ. ನಿನ್ ಕನ್ನಡಿ ಎಲ್ಲಾರ್ಗಿಂತ ಜಾಸ್ತಿ ಕೊಡ್ತದೆ. ಜಾಗ ಕಂಡೆ, ಕೂತೆ."

ಇದನ್ನು ಕೇಳಿ ಮುದ್ದೀರಮ್ಮನ ಸಿಟ್ಟು ಇಳಿಯಿತೇ? ಇಲ್ಲ. ತಪ್ಪು ಯಾರದೂ ಅಲ್ಲ ಅಂತ ಗೊತ್ತಾದರೆ ಸಿಟ್ಟು ಇನ್ನೂ ಏರುತ್ತದೆ, ಯಾಕೆಂದರೆ ಅದನ್ನು ಯಾರ ಮೇಲೂ ಹಾಕುವಂತಿಲ್ಲ. ಅವಳು ಮುಸುಕು ಹಾಕಿಕೊಂಡು ಮಲಗಿದಳು.

ಅಮಾವಾಸ್ಯೆಯ ರಾತ್ರಿ ಬಂತು. ಕನ್ನಡಿ ಇಡಲು ಮಣೆ ಇಲ್ಲ. ಗುಡಿಸಲಲ್ಲಿದ್ದ ಗಟ್ಟಿ ಸಾಮಾನು ಅಂದರೆ ಒಂದು ಬಿದಿರು ಬುಟ್ಟಿ. ಅದರೊಳಗೆ ಹೇಂಟೆಯೊಂದು ಹನ್ನೆರಡು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಹತ್ತೊಂಬತ್ತು ದಿನ ಕೂತಿದ್ದೇನೆ, ಇನ್ನೆರಡೇ ದಿನ, ಇಂದ್ರ ಬಂದರೂ ಏಳುವುದಿಲ್ಲ ಅಂತ ಹೇಂಟೆ ಕೊಕ್ಕು ಮಸೆಯಿತು. ಏಳು ಅಂತ ಯಾರು ಹೇಳಿದರು, ಸುಮ್ಮನೆ ಬಿದ್ದಿರು ಅಂದಳು ಮುದ್ದೀರಮ್ಮ. ಹೇಂಟೆಯ ಸಮೇತ ಬುಟ್ಟಿಯನ್ನು ಹೊತ್ತು ತಂದು ಬಂಡೆಯ ಮೇಲಿಟ್ಟು, ಅದರ ಬಾಯಿಯ ಮೇಲೆ ಕನ್ನಡಿಯನ್ನು ಕೂರಿಸಿದಳು. ಸಂದಿಯಲ್ಲಿ ಹೇಂಟೆಗೆ ಗಾಳಿಯಾಡುತ್ತಿತ್ತು. ಹಲಗೆ ಹಿಡಿದು ಕೂತಳು. ನಂಬಿಕೆಯಿಂದಲ್ಲ, ಹಟದಿಂದ.

ಬೆಳಕು ಉದುರತೊಡಗಿತು. ಚುಕ್ಕಿಗಳು ಸುಮ್ಮನಿರುತ್ತವೆಯೇ, ಪಡುವಣಕ್ಕೆ ಸರಿಯುತ್ತಲೇ ಇರುತ್ತವೆ. ಅವಳೂ ಹಲಗೆಯನ್ನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಸರಿಸುತ್ತಾ ಹೋದಳು. ಅರ್ಧ ರಾತ್ರಿಯಾಯಿತು. ಈಗ ಬರುತ್ತದೆ ನೋಡು ಅಂತ ಹಲ್ಲು ಕಚ್ಚಿ ಕಾದಳು.

ಇಬ್ಬನಿ ಬಂತು. ಕನ್ನಡಿಯನ್ನು ಮುಟ್ಟಿ ನೋಡಿತು. ಹೇಂಟೆಯ ಕಾವು ಕೆಳಗಿನಿಂದ ಕನ್ನಡಿಯನ್ನು ತಟ್ಟಿತ್ತು. ಬೆಂಕಿಯ ಹಾಗೆ ಗಾಳಿಯನ್ನು ಕುಣಿಸುವಷ್ಟು ಅಲ್ಲ, ಮೊಟ್ಟೆಯೊಂದು ಮರಿಯಾಗುವಷ್ಟು ಬೆಚ್ಚಗೆ, ಅಷ್ಟೇ. ಇಬ್ಬನಿ ಹಿಂದೆ ಸರಿಯಿತು.

ಆದರೆ ಅದಕ್ಕೂ ಕೂರಲು ಜಾಗ ಬೇಕಲ್ಲ. ಅದು ಮುದ್ದೀರಮ್ಮನ ತಲೆಗೂದಲ ಮೇಲೆ ಕೂತಿತು. ಹೆಗಲಿನ ಸೀರೆಯ ಮೇಲೆ ಕೂತಿತು. ಹುಬ್ಬಿನ ಮೇಲೂ ಕೂತಿತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಹಲಗೆ. ಮೂಗಿನ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಅವಳು ಬಾಯಿಗೆ ಬಂದ ಬೈಗುಳವನ್ನೆಲ್ಲ ಒಂದೊಂದಾಗಿ ಬೈಯುತ್ತಾ, ನಡುಗುತ್ತಾ, ಹಲಗೆಯನ್ನು ಮಾತ್ರ ಅಲುಗಿಸದೆ ಕೂತಳು.

ಮೂಡಲು ಬೆಳ್ಳಗಾಯಿತು. ಅವಳು ಹಲಗೆಯನ್ನು ತಿರುಗಿಸಿ ನೋಡಿದಳು. ಅಲ್ಲಿದ್ದದ್ದು ಹತ್ತಿಯ ಎಳೆ ಅಲ್ಲ. ಸಾವಿರ ಸಾವಿರ ಚುಕ್ಕಿಗಳು, ಒಂದಕ್ಕೊಂದು ಅಂಟಿ, ಬುಗುರಿಯ ಹಾಗೆ ಸುತ್ತಿಕೊಂಡಿದ್ದವು. ದೂರಕ್ಕೆ ಮಬ್ಬಾಗಿ ಕಂಡದ್ದು ಇನ್ನೊಂದು ಇಡೀ ಆಕಾಶ.

ಇರುಳಜ್ಜಿ ಪೊರಕೆ ಹಿಡಿದು ಬಂದಳು. ಚಿತ್ರವನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದಳು. ಇದೇನು, ಒಲೆಯ ಮುಂದೆ ಬೆಚ್ಚಗೆ ಕೂತು ಹಲಗೆಯ ಮೇಲೆ ಹಿಟ್ಟು ಉದುರಿಸಿಕೊಂಡು ಬಂದಿದ್ದೀಯಾ ಅಂತ ಕೇಳಿದಳು. ಮೊನ್ನೆ ರಾತ್ರಿ ನಿನ್ನ ಬಂಡೆಯ ಮೇಲೆ ಬೆಂಕಿ ಕಂಡಿದ್ದೇನೆ, ನನ್ನ ಕಣ್ಣಿಗೇ ಮಣ್ಣೆರಚುತ್ತೀಯಾ ಅಂದಳು.

ಮುದ್ದೀರಮ್ಮ ಬಾಯಿ ತೆರೆದಳು. ಮಾತಿನ ಬದಲು ಸೀನು ಬಂತು. ಇರುಳಜ್ಜಿ ಪೊರಕೆಯನ್ನು ಎತ್ತಿದಳು. ಆ ಮೂಲೆಯಲ್ಲಿ ಮಬ್ಬು ನಡುಗಿತು.

"ಅವಳ ತಲೆ ಮುಟ್ಟಿ ನೋಡು, ಅಜ್ಜಿ" ಅಂದಿತು ಇಬ್ಬನಿ.

ಅಜ್ಜಿ ತಿರುಗಿದಳು. ಯಾರು ಅಂತ ಅವಳಿಗೆ ತಕ್ಷಣ ತಿಳಿಯಲಿಲ್ಲ.

"ಒಲೆ ಮುಂದೆ ಕೂತೋರ್ ಮೇಲೆ ನಾನ್ ಕೂರಲ್ಲ. ಸೂರಿನ್ ಕೆಳಗೆ ಇದ್ದೋರ್ ಮೇಲೂ ಕೂರಲ್ಲ. ಅರ್ಧ ರಾತ್ರಿಯಿಂದ ಈಗಿನ್ ತನಕ ಇವಳ್ ಮೇಲೇ ಕೂತಿದೀನಿ. ಬೇಕಾದಷ್ಟು ಬೈದಳು, ಮುಖ ಮಾತ್ರ ಆಕಾಶದಿಂದ ತೆಗೀಲಿಲ್ಲ."

ಇರುಳಜ್ಜಿ ಮುದ್ದೀರಮ್ಮನ ನೆತ್ತಿಯ ಮೇಲೆ ಕೈಯಿಟ್ಟಳು. ಕೈ ತೆಗೆದರೆ ಅಂಗೈಯಿಂದ ನೀರು ಇಳಿಯಿತು. ಅವಳು ಆ ನೀರನ್ನು ನೋಡಿದಳು, ಹಲಗೆಯನ್ನು ನೋಡಿದಳು. ಆಮೇಲೆ ಆಕಾಶದ ಆ ಮೂಲೆಯ ಕಡೆ ತಲೆಯೆತ್ತಿದಳು. ಎಷ್ಟು ಜನರನ್ನು ಗುಡಿಸಿಬಿಡುತ್ತಿದ್ದೆ ಅಂತ ತನಗೆ ತಾನೇ ಹೇಳಿಕೊಂಡಳು. ಪೊರಕೆಯನ್ನು ಮುರಿದು ಬಂಡೆಯ ಆಚೆ ಎಸೆದಳು.

ಆಮೇಲೆ ಇಬ್ಬನಿಯನ್ನು ಹತ್ತಿರ ಕರೆದು ಅದಕ್ಕೆ ಒಂದು ಕೆಲಸ ಕೊಟ್ಟಳು. ಜಾಗವಿಲ್ಲದವರಿಗೆ ಕೆಲಸ ಸಿಕ್ಕರೆ ಜಾಗ ಸಿಕ್ಕ ಹಾಗೇ. ನನ್ನ ಆಕಾಶವನ್ನು ಯಾರು ನೋಡಿದರು, ಯಾರು ನೋಡಲಿಲ್ಲ ಅಂತ ಇನ್ನು ಮೇಲೆ ನಾನು ಜಗಳವಾಡುವುದಿಲ್ಲ, ನೀನೇ ಗುರುತು ಮಾಡು ಅಂದಳು.

ಮುದ್ದೀರಮ್ಮ ಇಬ್ಬನಿಗೆ ಒಂದು ಒಳ್ಳೆಯ ಮಾತು ಆಡಿದಳೇ ಅಂತ ಕೇಳುತ್ತೀಯಾ? ಆಡಲಿಲ್ಲ. ಏಳು ಸಲ ಸೀನಿ, ಹೇಂಟೆಗೆ ಕಾಳು ಹಾಕಲು ಒಳಗೆ ಹೋದಳು. ನಾನಾದರೂ ಆಡುತ್ತಿರಲಿಲ್ಲ. ಗುರುತು ಮಾಡುವುದೇ ಆದರೆ ಫೋಟೊ ಮುಗಿದ ಮೇಲೆ ಮಾಡಬಾರದೇ? ಅಷ್ಟು ಬುದ್ಧಿ ಅದಕ್ಕೆ ಇವತ್ತಿಗೂ ಬಂದಿಲ್ಲ.

ಆದರೂ ಬಿಸಿಲು ಏರುವ ಮುಂಚೆ ಹೊರಗೆ ಹೋಗಿ ನೋಡು, ಮೇದಿನಿ. ಮರದ ಬುಡ ಒಣಗಿರುತ್ತದೆ, ಸೂರಿನಡಿ ನಿಲ್ಲಿಸಿದ ಸೈಕಲ್ ಒಣಗಿರುತ್ತದೆ. ಬಯಲಿನ ಹುಲ್ಲು, ಜೇಡನ ಬಲೆ, ಕಲ್ಲುಬೆಂಚು ಮಾತ್ರ ತೊಯ್ದಿರುತ್ತವೆ, ಯಾಕೆಂದರೆ ರಾತ್ರಿಯಿಡೀ ಮುಖ ತಿರುಗಿಸದೆ ಆಕಾಶವನ್ನು ನೋಡಿದವರು ಯಾರು ಯಾರೆಂದು ಇಬ್ಬನಿ ಅವರವರ ಮೇಲೆ ಗುರುತು ಇಟ್ಟು ಹೋಗಿರುತ್ತದೆ.